ರಾಜ್ಯೋತ್ಸವದ ದಿನದ ಡಬ್ಬಲ್ ಕೂಲಿ

ಸರ್ಕಾರಿ ರಜೆಯಲ್ಲಿ ದುಡಿಸಿಕೊಂಡರೆ ಎರಡರಷ್ಟು ಕೂಲಿ ಕೊಡಬೇಕೆಂಬ ಕಾನೂನು ಅಪ್ಪುವಿಗೆ ತಿಳಿದದ್ದೇ ತಪ್ಪಾಯಿತು. ತಿಳಿಸಿದವಳು ಜೊತೆಗೆ ಈರುಳ್ಳಿ ಹೆಚ್ಚುವ ವನಜಾ. ಮದ್ದೂರು ಸ್ಟೇಷನ್ ಬಳಿಯ ನಿಂಗಯ್ಯನ ಹೋಟೆಲಿನಲ್ಲಿ ಹನ್ನೆರಡು ವರ್ಷದಿಂದ ವಡೆ ಕರಿಯುತ್ತಿದ್ದ ಅಪ್ಪು, ರಾಜ್ಯೋತ್ಸವದ ಬೆಳಿಗ್ಗೆ ಸೌಟು ಕೆಳಗಿಟ್ಟು ನಿಂತುಬಿಟ್ಟ.

“ಅಣ್ಣ, ಇವತ್ತು ರಜ. ಡಬ್ಬಲ್ ಕೊಟ್ರೆ ಒಲೆ ಅಂಟಿಸ್ತೀನಿ.”

ನಿಂಗಯ್ಯನ ಬಾಯಲ್ಲಿದ್ದ ಕಾಫಿ ಅಲ್ಲೇ ನಿಂತಿತು. ಮನೆಯ ಎಮ್ಮೆ ಬಾಯಿಬಿಟ್ಟು ಹಾಲಿನ ರೇಟು ಕೇಳಿದ್ದರೂ ಅವನು ಇಷ್ಟು ಬೆಚ್ಚುತ್ತಿರಲಿಲ್ಲ.

“ಯಾವನ್ಲಾ ನಿಂಗೆ ಏಳ್ಕೊಟ್ಟೋನು?”

ದಿನಾ ಕಾಫಿಗೆ ಬರುವ ನಿವೃತ್ತ ಮೇಷ್ಟ್ರು ವೆಂಕಟೇಶಮೂರ್ತಿಗೆ ಇಂಥ ಕಡೆ ಸುಮ್ಮನಿದ್ದು ಅಭ್ಯಾಸವಿಲ್ಲ. ಫೋನಿನಲ್ಲಿ ಹುಡುಕಿ, “ಅವನು ಹೇಳೋದು ಸರಿ ಕಣಯ್ಯ, ಕೊಡಲೇಬೇಕು. ಮಾಲೀಕನ ಮನೆಯವರಿಗೆ ಮಾತ್ರ ಈ ಕಾನೂನು ಇಲ್ಲ,” ಎಂದರು.

ನಿಂಗಯ್ಯ ಹೊರಗೆ ಕಾಯುತ್ತಿದ್ದ ಗಿರಾಕಿಗಳನ್ನು ನೋಡಿದ. ಆಮೇಲೆ ಅಪ್ಪುವನ್ನೇ ದಿಟ್ಟಿಸಿದ.

“ಲೇ, ಮೂವತ್ತಾರಾದ್ರೂ ನಿಂಗೆ ಎಣ್ಣು ಸಿಕ್ಕಿಲ್ಲ ಅಲ್ವಾ? ನನ್ ಮಗಳು ಪ್ರಿಯಾಂಕನ್ನ ಕೊಡ್ತೀನಿ. ನಮ್ಮನೆಯೋನೇ ಆಗ್ಬುಡು.”

ಅಪ್ಪು ಕೆಳಗಿಟ್ಟಿದ್ದ ಸೌಟು ಎತ್ತಿಕೊಂಡ. ಹನಕೆರೆಯಿಂದ ಹಲಗೂರಿನವರೆಗೆ ಮೂರು ವರ್ಷ ಹೆಣ್ಣು ನೋಡಲು ಅಲೆದು, ಎಲ್ಲ ಕಡೆ ಉಪ್ಪಿಟ್ಟು ತಿಂದು ವಾಪಸಾದವನು ಪಾಪ. ಅವನು ಒಲೆ ಅಂಟಿಸುವ ಮೊದಲೇ ನಿಂಗಯ್ಯ ಎಲೆ ಅಡಿಕೆ ತಂದು, ಮೇಷ್ಟ್ರ ಎದುರಿಗೇ ಕೈಗಿಟ್ಟ. ತಾಂಬೂಲ ಹಿಡಿದ ಮೇಲೆ ಮಾತು ಮುಗಿದ ಹಾಗೆ.

ಭಾವಿ ಅಳಿಯ ಸಂಜೆಯವರೆಗೆ ಎರಡಾಳಿನ ಕೆಲಸ ಮಾಡಿದ. ವಡೆ ಕರಿದ, ಟೇಬಲ್ಲು ಒರೆಸಿದ, ರಜೆ ಹಾಕಿ ಮನೆಗೆ ಹೋಗಿದ್ದ ವನಜಾಳ ಈರುಳ್ಳಿಯನ್ನೂ ಹೆಚ್ಚಿದ.

ಐದು ಗಂಟೆಗೆ ಪ್ರಿಯಾಂಕ ಬಂದಳು. ಗಾರ್ಮೆಂಟ್ಸ್ ಕೆಲಸದವಳು, ಅವಳಿಗೆ ಅಂದು ರಜೆ. ಅಪ್ಪನ ಮಾತು ಕೇಳಿ ದಂಗಾದರೂ, ಅಪ್ಪುವನ್ನು ಮೇಲಿಂದ ಕೆಳಗೆ ನೋಡಿ, “ಒಳ್ಳೆಯೋರೇ. ಆದ್ರೆ ಮದ್ವೆ ಆದ್ಮೇಲೆ ಇವ್ರಿಗೆ ರಜ ಯಾವತ್ತು?” ಎಂದಳು.

“ರಜಾನೇ ಬ್ಯಾಡ ಕಣ್ರೀ, ನಂದೇ ಓಟ್ಲು ಅಂದ್ಕೊಂಡು ದುಡೀತೀನಿ,” ಎಂದ ಅಪ್ಪು, ಹೆಮ್ಮೆಯಿಂದ.

“ಅಬ್ಬದ ದಿನಾನೂ ನಾನೊಬ್ಳೇ ಗೋಡೆ ನೋಡ್ಕೊಂಡು ಕೂತಿರ್ಬೇಕಾ? ನಂಗೆ ಬ್ಯಾಡಪ್ಪ.”

ಅವಳು ಸ್ಕೂಟಿ ಹತ್ತಿ ಹೊರಟೇಹೋದಳು. ಅಪ್ಪು ಸೌಟು ಕೆಳಗಿಟ್ಟು ನಿಂಗಯ್ಯನ ಕಡೆ ತಿರುಗಿದ.

“ಅಂಗಾರೆ ಅಣ್ಣ, ಇವತ್ತಿನ ಡಬ್ಬಲ್ಲು?”

“ಸಿಂಗಲ್ಲೂ ಇಲ್ಲ ಕಣ್ಲಾ,” ಎಂದ ನಿಂಗಯ್ಯ. “ಐದು ಗಂಟೆವರ್ಗೂ ನೀನು ನಮ್ಮನೆಯೋನಾಗಿದ್ದೆ. ಮೇಷ್ಟ್ರೇ ಸಾಕ್ಷಿ. ಮನೆಯೋರಿಗೆ ಯಾರಾದ್ರೂ ಕೂಲಿ ಕೊಡ್ತಾರಾ?”