ಗಂಜಿ ಕುಡಿದು ಗುಳಿಗೆಯನ್ನು ಸೋಲಿಸಿದ್ದು

ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಕೋಲ್ಕತ್ತದ ಸಾಲ್ಟ್ ಲೇಕಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ನಾನು ಟೆಸ್ಟರ್. "ತಪ್ಪು ಪ್ರೋಗ್ರಾಮಿನದಲ್ಲ, ಬಳಸಿದವರದು" ಎಂದು ಜಾರಿಕೊಳ್ಳುವ ಪ್ರೋಗ್ರಾಮರ್‌ಗಳ ನೀರಿಳಿಸುವುದರಲ್ಲಿ ನನ್ನದು ಎತ್ತಿದ ಕೈ.

ಹೀಗಿರುವಾಗ ನನಗೆ ಮಲೇರಿಯಾ ಬಂತು. ಆಸ್ಪತ್ರೆಯ ಡಾಕ್ಟರಮ್ಮ, "ಹೊಸ ಗುಳಿಗೆಯೊಂದನ್ನು ಪರೀಕ್ಷೆ ಮಾಡ್ತಿದ್ದೇವೆ. ಇಷ್ಟವಿದ್ದರೆ ಸೇರಿ, ಬೇಡವಾದರೆ ಮಾಮೂಲಿ ಔಷಧಿ ಕೊಡ್ತೇವೆ" ಎಂದರು. ಪರೀಕ್ಷೆ! ನಡುಗುತ್ತಲೇ ಎದೆಯುಬ್ಬಿಸಿ ಸಹಿ ಹಾಕಿದೆ. "ಗುಳಿಗೆ ಜೊತೆ ಜಿಡ್ಡಿನದು ಏನಾದರೂ ತಿನ್ನಲೇಬೇಕು. ಲುಚಿ, ಮೀನು, ಕೆನೆಹಾಲು..." ಎಂದು ಅವರು ಶುರುಮಾಡಿದಾಗ ನಕ್ಕು ತಲೆಯಾಡಿಸಿದೆ. ಕೋಲ್ಕತ್ತದಲ್ಲಿ ಯಾರ ಮನೆಗೆ ಹೋದರೂ ಹೀಗೇ, ತಿನ್ನಿಸದೆ ಬಿಡುವುದಿಲ್ಲ. ಇದೂ ಅದೇ ಉಪಚಾರ ಎಂದುಕೊಂಡೆ.

ಬೆಹಾಲಾದ ಮನೆಯಲ್ಲಿ ಹೆಂಡತಿ ಸವಿತಾ ಕೇಳಿದಳು, "ಪಥ್ಯ ಏನಾದ್ರೂ ಹೇಳಿದ್ರಾ?"

"ಪಥ್ಯ ಇವರಿಂದ ಕಲೀಬೇಕಾ? ನಮ್ಮ ಮೈಸೂರಿನ ಕ್ರಮವೇ ಕ್ರಮ. ಬರೀ ಗಂಜಿ, ಉಪ್ಪು. ತುಪ್ಪದ ಡಬ್ಬಿ ಅಟ್ಟದ ಮೇಲಿಡು!"

ಪಕ್ಕದ ಮನೆಯ ಬಂಗಾಳಿ ಅತ್ತಿಗೆ, ಅಂದರೆ ನಮ್ಮೆಲ್ಲರ ಬೌದಿ, ಪೂರಿಯಂಥ ಬಿಸಿ ಲುಚಿ ತಂದರೆ ನಾನು ಋಷಿಯಂತೆ ಮುಖ ತಿರುಗಿಸಿದೆ. ಮಗಳು ಅಷ್ಟನ್ನೂ ತಿಂದು, "ಅಪ್ಪಾ, ಯು ಆರ್ ಗ್ರೇಟ್" ಅಂದಳು.

ಜ್ವರ ಮಾತ್ರ ಇಳಿಯಲಿಲ್ಲ. ಸವಿತಾ ಅಡಿಗೆಮನೆಯಲ್ಲಿ ಬಿಕ್ಕುವುದು ಕೇಳಿ ನನಗೂ ಭಯವಾಯಿತು. ನಿಜವಾಗಿಯೂ ಭಯವಾಯಿತು. ಆದರೂ ವೃತ್ತಿಧರ್ಮ ಬಿಡಲಾದೀತೆ? ಕಂಬಳಿಯೊಳಗಿಂದಲೇ ಡಾಕ್ಟರಮ್ಮನಿಗೆ ಫೋನಿನಲ್ಲಿ ವರದಿ ಒಪ್ಪಿಸಿದೆ: "ತಮ್ಮ ಗುಳಿಗೆಯಲ್ಲಿ ಗಂಭೀರ ದೋಷ ಕಂಡುಬಂದಿದೆ!"

ಅವರು ಗಾಬರಿಯಾಗಿ ಕೂಡಲೇ ಕರೆಸಿ ರಕ್ತ ನೋಡಿದರು. ರೋಗಾಣುಗಳು ಆರಾಮಾಗಿದ್ದವು.

"ಗುಳಿಗೆ ಜೊತೆ ಏನು ತಿಂದ್ರಿ?"

"ಗಂಜಿ," ಎಂದೆ ಹೆಮ್ಮೆಯಿಂದ. "ಒಂದು ಹನಿ ತುಪ್ಪ ಸೋಕಿಸಿಲ್ಲ!"

ಡಾಕ್ಟರಮ್ಮ ತಲೆಯ ಮೇಲೆ ಕೈಹೊತ್ತರು. "ಜಿಡ್ಡಿಲ್ಲದಿದ್ರೆ ಆ ಗುಳಿಗೆ ಸರಿಯಾಗಿ ಮೈಗೆ ಹತ್ತೋದಿಲ್ಲ. ಹೇಳಿದ್ದೆನಲ್ಲ!"

ಜೊತೆಗೆ ಬಂದಿದ್ದ ಸವಿತಾ ನನ್ನತ್ತ ನೋಡಿದಳು. ಆ ನೋಟಕ್ಕೇ ಅರ್ಧ ರೋಗಾಣುಗಳು ಸತ್ತಿರಬೇಕು.

ನನ್ನನ್ನು ಪರೀಕ್ಷೆಯಿಂದ ಹೊರಗೆ ಹಾಕಿ, ಮಾಮೂಲಿ ಔಷಧಿ ಕೊಟ್ಟು ಅಲ್ಲೇ ಮಲಗಿಸಿದರು. ಜ್ವರ ಬಿಟ್ಟಿತು. ರಕ್ತದಲ್ಲಿ ಈಗ ಏನೂ ಇಲ್ಲ ಎಂದು ಡಾಕ್ಟರಮ್ಮ ಹೇಳಿದಾಗ ಸವಿತಾ ನನ್ನ ಕೈ ಹಿಡಿದು ಅತ್ತೇಬಿಟ್ಟಳು. ನನಗೂ ಹೋದ ಜೀವ ಬಂದಂತಾಯಿತು. ಬೌದಿ ಕಳಿಸಿದ್ದ ಲುಚಿಯ ಡಬ್ಬಿಯನ್ನು ನಾನೇ ಕೇಳಿ ತೆರೆಸಿದೆ.

ಹೊರಡುವ ಮುಂಚೆ ಅಳುಕುತ್ತಾ ಕೇಳಿದೆ, "ನನ್ನಿಂದ ನಿಮ್ಮ ಗುಳಿಗೆಗೆ ಕೆಟ್ಟ ಹೆಸರು ಬಂತೇ, ಡಾಕ್ಟರ್?"

"ಛೇ, ಇಲ್ಲ," ಎಂದು ಅವರು ನಕ್ಕರು. "ತಪ್ಪು ಗುಳಿಗೆಯದಲ್ಲ, ಬಳಸಿದವರದು."

ವಾದಿಸಲು ಬಾಯಿ ತೆರೆದೆ. ಸವಿತಾ ಅದರೊಳಗೆ ಲುಚಿ ತುರುಕಿದಳು.