ಫ್ರೀಜರಿನಲ್ಲಿಟ್ಟ ಎಣ್ಣೆ

ನಾನು ಎಚ್ಚರವಾಗಿರುವಾಗಲೂ ನಿದ್ದೆ ಮಾಡುತ್ತೇನೆ ಎಂಬುದು ನನ್ನ ಹೆಂಡತಿ ಹಿಲ್ಕ ನನ್ನ ಮೇಲೆ ಹೊರಿಸುವ ಮೊದಲ ಆರೋಪ. ಇದು ಶುದ್ಧ ಅನ್ಯಾಯ. ನಾನು ನಿದ್ದೆ ಮಾಡುವುದಿಲ್ಲ, ಯೋಚಿಸುತ್ತೇನೆ. ಮೂವತ್ತೊಂದು ವರ್ಷ ಕುಹ್ಮೊ ಊರಿನ ಸುತ್ತಿನ ಕಾಡುದಾರಿಗಳಲ್ಲಿ ಸಂಚಾರಿ ಗ್ರಂಥಾಲಯದ ಬಸ್ಸು ಓಡಿಸಿ ನಿವೃತ್ತನಾದವನು ನಾನು. ಬೆನ್ನ ಹಿಂದೆ ಮೂರು ಸಾವಿರ ಪುಸ್ತಕ, ಎದುರಿಗೆ ಹಿಮ, ನಡುವೆ ಒಬ್ಬನೇ ಮನುಷ್ಯ. ಅವನು ಯೋಚಿಸದೆ ಇನ್ನೇನು ಮಾಡಿಯಾನು? (ಒಮ್ಮೆ ಯೋಚಿಸುತ್ತ ಯೋಚಿಸುತ್ತ ರಷ್ಯದ ಗಡಿಯ ಗೇಟಿನವರೆಗೂ ಹೋಗಿಬಿಟ್ಟಿದ್ದೆ. ಅಲ್ಲಿದ್ದ ಕಾವಲುಗಾರ ಒಂದು ಪತ್ತೇದಾರಿ ಕಾದಂಬರಿ ತೆಗೆದುಕೊಂಡ. ಆದ್ದರಿಂದ ಅದನ್ನು ವ್ಯರ್ಥ ಪ್ರಯಾಣ ಎನ್ನಲಾಗದು.)

ಹೋದ ವರ್ಷದ ಪ್ರಸಂಗವನ್ನು ಮೊದಲೇ ಹೇಳಿಬಿಡುತ್ತೇನೆ. ಹಿಲ್ಕ ನಮ್ಮೂರ ಚರ್ಚಿನ ಹಾಡಿನ ತಂಡದಲ್ಲಿ ಇಪ್ಪತ್ತೆರಡು ವರ್ಷ ಹಿಂದಿನ ಸಾಲಿನಲ್ಲಿ ನಿಂತು ಹಾಡಿದವಳು. ಹೋದ ಡಿಸೆಂಬರಿನಲ್ಲಿ, ನೂರು ಕಿಲೋಮೀಟರು ದೂರದ ಕಾಯಾನಿ ಪಟ್ಟಣದ ಚರ್ಚಿನಲ್ಲಿ, ಮೊದಲ ಸಲ ಅವಳೊಬ್ಬಳೇ ಒಂದು ಹಾಡು ಹಾಡಬೇಕಿತ್ತು. ತಂಡದವರೆಲ್ಲ ಬಸ್ಸಿನಲ್ಲಿ ಹೊರಡುವವರಿದ್ದರು. "ಒಬ್ಬಳೇ ಹಾಡುವವಳು ಎಲ್ಲರ ಜೊತೆ ನೂಕಾಡಿಕೊಂಡು ಹೋಗೋದೇ? ನಾನು ಕಾರಲ್ಲಿ ಕರ್ಕೊಂಡು ಹೋಗ್ತೀನಿ" ಎಂದು ನಾನು ಎದೆಯುಬ್ಬಿಸಿ ಹೇಳಿದೆ. ಬೆಳಿಗ್ಗೆ, ಬಸ್ಸು ಹೋದ ಮೇಲೆ, ನಮ್ಮ ಹಳೆಯ ನೀಲಿ ಕಾರು ಒಂದು ಸಲ "ಹ್ಞೂಂ" ಎಂದು ನರಳಿ ಮೌನವ್ರತಕ್ಕೆ ಕುಳಿತಿತು. ಹಿಲ್ಕಳ ಹಾಡನ್ನು ಸೈಮಿ ಹಾಡಿದಳು. ಸೈಮಿ ಎಂದರೆ ಪಕ್ಕದ ಹಳದಿ ಮನೆಯವಳು, ಹಿಲ್ಕಳ ಆಪ್ತ ಗೆಳತಿ, ಮತ್ತು ಅಷ್ಟೇ ಆಪ್ತ ವೈರಿ. ಅಂದು ಅವಳಿಗೆ ನೆಗಡಿ ಬೇರೆ ಇತ್ತಂತೆ. ಹಿಲ್ಕ ಆ ದಿನವಿಡೀ ಅಡುಗೆಮನೆಯಲ್ಲಿ ಕೋಟು ತೆಗೆಯದೆ ಕುಳಿತಿದ್ದಳು.

ಕಾರು ಏಕೆ ಹೊರಡಲಿಲ್ಲ? ನಮ್ಮಲ್ಲಿ ಚಳಿಗಾಲದಲ್ಲಿ ಕಾರಿನ ಮೂತಿಯಿಂದ ಒಂದು ತಂತಿ ಎಳೆದು ಅಂಗಳದ ಕಂಬಕ್ಕೆ ಚುಚ್ಚಿಡುತ್ತೇವೆ. ಕರೆಂಟು ಎಂಜಿನ್ನನ್ನು ಬೆಚ್ಚಗಿಟ್ಟಿರುತ್ತದೆ. ಹಿಂದಿನ ಸಂಜೆ ನಾನು ತಂತಿ ಹಿಡಿದು ಹೊರಗೆ ಹೋದೆ. ಆಕಾಶದಲ್ಲಿ ಉತ್ತರಧ್ರುವದ ಹಸಿರು ಬೆಳಕು ಎದ್ದಿತ್ತು. ಯಾರೋ ಬಟ್ಟೆ ಒಗೆದು ಒಣಹಾಕಿದ ಹಾಗೆ ಕಾಡಿನ ಮೇಲೆ ಅಲ್ಲಾಡುತ್ತಿತ್ತು. ನೋಡುತ್ತ ನಿಂತೆ. ಮೂಗು ಮರಗಟ್ಟಿದ ಮೇಲೆ ಒಳಗೆ ಬಂದೆ. ಬೆಳಿಗ್ಗೆ ನೋಡಿದರೆ ತಂತಿ ನನ್ನ ಕೋಟಿನ ಜೇಬಿನಲ್ಲೇ ಇತ್ತು. ಆದರೂ ನಾನು ಈ ವಿಷಯವನ್ನು ನಾನಾ ಕೋನಗಳಿಂದ ಪರಾಮರ್ಶಿಸಿ, ದೋಷವೆಲ್ಲ ಎಂಜಿನ್ ಎಣ್ಣೆಯದೇ ಎಂದು ತೀರ್ಮಾನಿಸಿದೆ.

ಈ ವರ್ಷ ಆ ಹಾಡು ಮತ್ತೆ ಹಿಲ್ಕಳಿಗೇ ಬಂತು. ನಾನು ಶಪಥ ಮಾಡಿದೆ. "ಈ ಸಲ ಎಣ್ಣೆ ಬದಲಾಯಿಸೋನು ನಾನೇ. ಕಾಯಾನಿಗೆ ನಿನ್ನನ್ನ ಕಾರಲ್ಲೇ ಕರ್ಕೊಂಡು ಹೋಗಿ, ಮೊದಲ ಸಾಲಲ್ಲಿ ಕೂತು ಹಾಡು ಕೇಳ್ತೀನಿ."

"ಮೂವತ್ತು ವರ್ಷ ಬಸ್ಸಿನ ಎಣ್ಣೆ ಯಾರು ಬದಲಾಯಿಸ್ತಿದ್ರು?" ಎಂದಳು ಹಿಲ್ಕ.

"ಪುರಸಭೆಯ ಮೆಕ್ಯಾನಿಕ್ಕು."

"ನೋಡೋಣ" ಎಂದಳು. ಹಿಲ್ಕಳ ತಾಯಿ ಕರೇಲಿಯದವರು, ಮಾತಿನ ಜನ. ಅವಳು ಒಂದೇ ಮಾತಿಗೆ ನಿಲ್ಲಿಸಿದಳೆಂದರೆ ಹೆದರಬೇಕು. ನಾನು ಹೆದರಲಿಲ್ಲ.

ಸೆಪ್ಟೆಂಬರಿನಲ್ಲಿ ಒನ್ನಿಯ ಬಿಡಿಭಾಗಗಳ ಅಂಗಡಿಗೆ ಹೋದೆ. ಒನ್ನಿ ದಿನಕ್ಕೆ ಹನ್ನೆರಡು ಮಾತಾಡುವ ಮನುಷ್ಯ. ಅಂದು ನನಗಾಗಿ ಮೂರು ದಿನದ ಮಾತು ಖರ್ಚು ಮಾಡಿದ.

"ಅಣಬೆ ಕಾಲದಲ್ಲೇ ಎಣ್ಣೆ ಬದ್ಲಾಯ್ಸು, ವಿಲ್ಯೊ. ಚಳಿ ಬಂದ್ಮೇಲೆ ಕಾರಿನ ಕೆಳಗೆ ಮಲಗಬಾರ್ದು. ತೆಳ್ಳಗಿನ ಎಣ್ಣೆ ತಗೋ. ಫಿಲ್ಟರು ಯಾವ್ದಾದ್ರೂ ತಗೋ. ಹಾಕಿದ್ಮೇಲೆ ಒಂದ್ಸಲ ಎಂಜಿನ್ ಚಾಲೂ ಮಾಡಿ, ಕೆಳಗೆ ಬಗ್ಗಿ ನೋಡು. ಅಷ್ಟೇ."

"ಯಾವ್ದಾದ್ರೂನಾ?" ನನಗೆ ಆಘಾತವಾಯಿತು. "ಎಣ್ಣೆ ಎಂಜಿನ್ನಿನ ರಕ್ತ ಅಂದ್ರೆ ಫಿಲ್ಟರು ಅದರ ಮೂತ್ರಪಿಂಡ ಅಲ್ವೇನೋ?"

ಒನ್ನಿ ಕಾಫಿ ಕುಡಿದ. ನಾನು ಗಲ್ಲಾಪೆಟ್ಟಿಗೆಯ ಮೇಲೆ ನಾಲ್ಕು ಫಿಲ್ಟರುಗಳನ್ನು ಸಾಲಾಗಿ ನಿಲ್ಲಿಸಿದೆ. ಒಂದು ಕಪ್ಪು, ಒಂದು ಬಿಳಿ, ಒಂದು ಕಿತ್ತಳೆ, ಒಂದು ನೀಲಿ. ಎಲ್ಲವೂ ಸಣ್ಣ ತಗಡಿನ ಡಬ್ಬಿಗಳೇ. ಆದರೆ ಒಳಗೆ ನೂರಾರು ಮಡಿಕೆಯ ಕಾಗದ, ಓದಲು ಯಾರೂ ಬಿಚ್ಚದ ಪುಸ್ತಕದ ಹಾಗೆ. ತೂತಿನೊಳಗೆ ಬೆರಳು ಹಾಕಿದರೆ ಒಂದು ರಬ್ಬರಿನ ನಾಲಿಗೆ ಸಿಗುತ್ತದೆ. ಎಂಜಿನ್ ನಿಂತಾಗ ಎಣ್ಣೆಯೆಲ್ಲ ಕೆಳಗಿಳಿದು ಹೋಗದಂತೆ ತಡೆಯುವುದು ಅದರ ಕರ್ತವ್ಯ. ಕಳಪೆ ರಬ್ಬರಾದರೆ ಚಳಿಗೆ ಕಲ್ಲಾಗುತ್ತದೆ; ಒಳ್ಳೆಯದಾದರೆ ಎಂಥ ಹಿಮದಲ್ಲೂ ಮೆತ್ತಗಿರುತ್ತದೆ. ಆದರೆ ಸೆಪ್ಟೆಂಬರಿನಲ್ಲಿ ಅಂಥ ಚಳಿಯನ್ನು ಎಲ್ಲಿಂದ ತರುವುದು? ಆಗಲೇ ನನ್ನ ತಲೆಯಲ್ಲಿ ದೀಪ ಹತ್ತಿತು. ನಾಲ್ಕನ್ನೂ ಕೊಂಡು ಮನೆಗೆ ಬಂದೆ.

ಮರುದಿನ ಹಿಲ್ಕ ನೆಲಮಾಳಿಗೆಯಿಂದ ಕೂಗಿದಳು. "ವಿಲ್ಯೊ! ಫ್ರೀಜರಲ್ಲಿ ಮೀನಿನ ಪಕ್ಕ ಏನೋ ಇದು ಡಬ್ಬಿ?"

"ಮುಟ್ಟಬೇಡ ಕಣೇ! ಪರೀಕ್ಷೆ ನಡೀತಿದೆ!"

"ಮತ್ತೆ ಈ ಐದು ಜಾಡಿ? ಇದು ನನ್ನ ಲಕ್ಕ ಹಣ್ಣಿನ ಜಾಮಿನ ಜಾಡಿ ಅಲ್ವಾ? ಜಾಮು ಎಲ್ಲೋಯ್ತು?"

"ತಿಂದೆ. ವಿಜ್ಞಾನಕ್ಕಾಗಿ ತಿಂದೆ."

ಜಾಡಿಗಳಲ್ಲಿ ಒನ್ನಿಯ ಅಂಗಡಿಯಿಂದಲೇ ತಂದ ಐದು ಬಗೆಯ ಎಣ್ಣೆಯಿತ್ತು. ದಿನಾ ಬೆಳಿಗ್ಗೆ ಕೆಳಗಿಳಿದು ಒಂದೊಂದನ್ನೇ ಬಗ್ಗಿಸಿ, ಯಾವುದು ಬೇಗ ಹರಿಯುತ್ತದೆಂದು ನೋಡುತ್ತಿದ್ದೆ. ಒಂದು ಕಲ್ಲುಸಕ್ಕರೆಯ ಹಾಗೆ ಅಲುಗಾಡದು. ಇನ್ನೊಂದು ಸೋಮಾರಿ ಮಗು ಹಾಸಿಗೆಯಿಂದ ಏಳುವ ಹಾಗೆ ಏಳುತ್ತದೆ. ಐದನೆಯದು ಮಾತ್ರ ಹೊನ್ನಿನ ಬಣ್ಣದ್ದು, ಅಷ್ಟು ಚಳಿಯಲ್ಲೂ ಮೆಲ್ಲಗೆ, ಸದ್ದಿಲ್ಲದೆ, ಜಾಡಿಯ ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಯುತ್ತದೆ. ಅದರ ಮೂಲಕ ಬಲ್ಬಿನ ಬೆಳಕು ನೋಡುತ್ತಿದ್ದರೆ ಸಮಯ ಹೋದದ್ದೇ ತಿಳಿಯುತ್ತಿರಲಿಲ್ಲ. ನಾನು ಎಷ್ಟು ಸುಖವಾಗಿದ್ದೆ ಎಂದರೆ, ಫ್ರೀಜರಿನ ಬಾಗಿಲು ತೆರೆದೇ ಇದೆಯೆಂಬುದು ಮರೆತು ಹೋಗುತ್ತಿತ್ತು.

ಅಕ್ಟೋಬರಿನಲ್ಲಿ ಒಂದು ದಿನ ಸೈಮಿ ಹಾಡಿನ ಅಭ್ಯಾಸಕ್ಕೆಂದು ಮನೆಗೆ ಬಂದಳು. ಏಲಕ್ಕಿ ಬನ್ನು, ಕಾಫಿ ಆಯಿತು. ಹೊನ್ನಿನ ಬಣ್ಣದ ಜಾಡಿ ನನ್ನ ಮರೆವಿನಿಂದ ಅಡುಗೆಮನೆಯ ಕಿಟಕಿಯಲ್ಲಿತ್ತು. ಸೈಮಿ ಅದನ್ನು ಬೆಳಕಿಗೆ ಹಿಡಿದಳು. "ಅಬ್ಬಾ, ಎಂಥಾ ಜೇನುತುಪ್ಪ ಹಿಲ್ಕ! ಬನ್ನಿಗೆ ಸ್ವಲ್ಪ ಹಾಕ್ಕೊಳ್ಲಾ?"

ಹಿಲ್ಕ ಒಂದು ಕ್ಷಣ, ಒಂದೇ ಒಂದು ಕ್ಷಣ, ಅವಳಿಗೆ ಕೊಡಲು ಚಮಚದ ಕಡೆಗೆ ಕೈ ಚಾಚಿದಳು. ಹೋದ ವರ್ಷದ ಹಾಡು ನೆನಪಾಗಿರಬೇಕು. ಆಮೇಲೆ ನಿಟ್ಟುಸಿರುಬಿಟ್ಟು, "ಬೇಡ, ಅದು ನಮ್ಮ ಮುದುಕನ ಎಣ್ಣೆ" ಎಂದಳು. ಸೈಮಿ ಜಾಡಿ ಕೆಳಗಿಟ್ಟು ನನ್ನನ್ನೇ ನೋಡಿದಳು. ಊರಲ್ಲಿ ಏನೇನು ಹಬ್ಬಿತೋ ನಾನು ಕೇಳಲು ಹೋಗಲಿಲ್ಲ.

ಅಣಬೆ ಕಾಲ ಮುಗಿಯಿತು. "ಎಣ್ಣೆ?" ಎಂದಳು ಹಿಲ್ಕ. "ಕಿತ್ತಳೆ ಫಿಲ್ಟರೋ ನೀಲಿಯೋ ಇನ್ನೂ ಖಚಿತವಾಗಿಲ್ಲ" ಎಂದೆ. ಮೊದಲ ಹಿಮ ಬಿತ್ತು. "ಎಣ್ಣೆ?" ಎಂದಳು. "ಈಗಲೇ ಹಾಕಿದರೆ ಹಾಡಿನ ದಿನಕ್ಕೆ ಹಳೇದಾಗಿಬಿಡುತ್ತೆ. ಹೊಸ ಎಣ್ಣೆ ಚಳಿಗಾಲವನ್ನು ಹೊಸದಾಗಿಯೇ ಎದುರುಗೊಳ್ಳಬೇಕು" ಎಂದೆ. ಕೆರೆ ಹೆಪ್ಪುಗಟ್ಟಿತು. ಅವಳು ಕೇಳುವುದನ್ನೇ ಬಿಟ್ಟಳು. ಇದನ್ನು ನಾನು ನಂಬಿಕೆಯೆಂದು ಭಾವಿಸಿದೆ.

ಕೊನೆಗೆ ಹಾಡಿನ ಹಿಂದಿನ ದಿನ ನೀಲಿ ಫಿಲ್ಟರು ಗೆದ್ದಿತು. ಹೊನ್ನಿನ ಎಣ್ಣೆಯ ಕ್ಯಾನನ್ನು ಸೌನಾದ, ಅಂದರೆ ಉಗಿಸ್ನಾನದ ಮನೆಯ, ಹೊರಕೋಣೆಯಲ್ಲಿಟ್ಟು ಬೆಚ್ಚಗೆ ಮಾಡಿದೆ. ಶೆಡ್ಡಿನಲ್ಲಿ ಹಿಮಸಾರಂಗದ ಚರ್ಮ ಹಾಸಿಕೊಂಡು ಕಾರಿನ ಕೆಳಗೆ ಮಲಗಿದೆ. ಸೊನ್ನೆಗಿಂತ ಇಪ್ಪತ್ತನಾಲ್ಕು ಡಿಗ್ರಿ ಕೆಳಗೆ. ಹಳೆಯ ಎಣ್ಣೆ ಕಪ್ಪು ದಾರದಂತೆ ಇಳಿಯುತ್ತಿತ್ತು. ಅದನ್ನು ನೋಡುತ್ತ ನಾನು ಆಗಲೇ ಕಾಯಾನಿಯ ಚರ್ಚಿನಲ್ಲಿದ್ದೆ: ಮೇಣದಬತ್ತಿಗಳು, ಮೊದಲ ಸಾಲು, ಹಿಲ್ಕಳ ದನಿ. ಹಳೆಯ ಫಿಲ್ಟರನ್ನು ಬಿಚ್ಚಿದೆ, ಹೊಸದನ್ನು ತಿರುಗಿಸಿ ಕೂರಿಸಿದೆ, ಎಣ್ಣೆ ಸುರಿದೆ. ಎಂಜಿನ್ ಚಾಲೂ ಮಾಡಿ ನೋಡು ಎಂದು ಒನ್ನಿ ಹೇಳಿದ್ದ, ನಿಜ. ಆದರೆ ಅಷ್ಟರಲ್ಲಿ ಹಿಲ್ಕ ಕಾಫಿಗೆ ಕರೆದಳು. ಕಾಫಿಗೆ ಕರೆದಾಗ ಹೋಗದವನು ನಮ್ಮ ಕಡೆಯಲ್ಲಿ ಇನ್ನೂ ಹುಟ್ಟಿಲ್ಲ. ತಂತಿಯನ್ನು ಮಾತ್ರ ಈ ಸಲ ಮರೆಯದೆ ಚುಚ್ಚಿದೆ. ಚುಚ್ಚಿದ್ದೇನೆಯೇ ಎಂದು ನೋಡಲು ಏಳು ಸಲ ಹಾಸಿಗೆಯಿಂದೆದ್ದು ಹೋದೆ.

ಬೆಳಿಗ್ಗೆ ಮೈನಸ್ ಇಪ್ಪತ್ತೊಂಬತ್ತು. ಕೀಲಿ ತಿರುಗಿಸಿದೆ. ಕಾರು ಒಂದೇ ಏಟಿಗೆ, ಹಕ್ಕಿ ಹಾರಿದ ಹಾಗೆ, ಹೊರಟಿತು! ನನಗೆ ಕಣ್ಣಲ್ಲಿ ನೀರೇ ಬಂತು. ಹೆಮ್ಮೆಯಿಂದ ಕಾರನ್ನು ಅಂಗಳಕ್ಕೆ ತಂದು ನಿಲ್ಲಿಸಿ, ರಾಜಭಟನಂತೆ ಬಾಗಿಲು ತೆರೆದು ಹಿಡಿದೆ. ಹಾಡಿನ ಉಡುಪಿನ ಮೇಲೆ ಕೋಟು ಹಾಕಿಕೊಂಡು ಬಂದ ಹಿಲ್ಕ ಕಾರನ್ನು ನೋಡಲಿಲ್ಲ, ನೆಲ ನೋಡಿದಳು.

"ವಿಲ್ಯೊ, ಹಿಮ ಯಾಕೆ ಹಳದಿ ಆಗ್ತಿದೆ?"

ಕಾರಿನ ಕೆಳಗಿನಿಂದ ನನ್ನ ಹೊನ್ನಿನ ಎಣ್ಣೆ, ಮೂರು ತಿಂಗಳು ಫ್ರೀಜರಿನಲ್ಲಿ ಪಾಸಾದ ಎಣ್ಣೆ, ಎಂಥ ಚಳಿಯಲ್ಲೂ ಸರಾಗವಾಗಿ ಹರಿಯುವ ಎಣ್ಣೆ, ಸರಾಗವಾಗಿ ಹರಿದು ಹೋಗುತ್ತಿತ್ತು. ಓಡಿಹೋಗಿ ಎಂಜಿನ್ ಆರಿಸಿದೆ. ಹಿಲ್ಕ ಶೆಡ್ಡಿಗೆ ಹೋಗಿ ಹಳೆಯ ಫಿಲ್ಟರನ್ನೂ, ಪರೀಕ್ಷೆಯಲ್ಲಿ ಸೋತ ಕಿತ್ತಳೆಯನ್ನೂ ತಂದು ನನ್ನ ಮೂಗಿನ ಮುಂದೆ ಹಿಡಿದಳು.

"ಇದರ ಬಾಯಿಗೆ ರಬ್ಬರಿನ ಉಂಗುರ ಇದೆ. ಹಳೇದಕ್ಕೆ ಯಾಕಿಲ್ಲ?"

ಹಳೆಯದರ ಉಂಗುರ ಚಳಿಗೆ ಎಂಜಿನ್ನಿಗೇ ಅಂಟಿಕೊಂಡು ಉಳಿದಿತ್ತು. ಅದರ ಮೇಲೆಯೇ ನಾನು ಹೊಸ ಉಂಗುರದ ಹೊಸ ಫಿಲ್ಟರನ್ನು ಕೂರಿಸಿದ್ದೆ. ಎರಡು ಉಂಗುರ ಒಂದರ ಮೇಲೊಂದು ಇದ್ದರೆ ಎಣ್ಣೆ ನಿಲ್ಲುವುದಿಲ್ಲ. ಇದು ಒನ್ನಿಗೆ ಗೊತ್ತಿತ್ತು, ಪುರಸಭೆಯ ಮೆಕ್ಯಾನಿಕ್ಕಿಗೆ ಗೊತ್ತಿತ್ತು, ಈಗ ಹಿಲ್ಕಳಿಗೂ ಗೊತ್ತಾಯಿತು.

ನಾನು ಹಿಮದಲ್ಲೇ ಕುಸಿದು ಕುಳಿತೆ. "ನಿನ್ನ ಹಾಡು ಹೋಯ್ತಲ್ಲೇ, ಈ ವರ್ಷಾನೂ ನನ್ನಿಂದ ಹೋಯ್ತಲ್ಲೇ" ಎಂದೆ. ಇದರಲ್ಲಿ ನಾಟಕವಿರಲಿಲ್ಲ.

"ಏಳೋ, ಏಳು" ಎಂದಳು. ಕೈಚೀಲದಿಂದ ಎರಡು ಚೀಟಿ ತೆಗೆದಳು. "ತಂಡದ ಬಸ್ಸು ಹತ್ತಕ್ಕೆ ಚರ್ಚಿನ ಮುಂದಿಂದ ಹೊರಡುತ್ತೆ. ಇನ್ನೂ ಇಪ್ಪತ್ತು ನಿಮಿಷ ಇದೆ."

"ಎರಡು ಸೀಟಾ? ಯಾವಾಗ ಹೇಳಿದ್ದೆ?"

"ಸೆಪ್ಟೆಂಬರಲ್ಲಿ. ನನ್ನ ಜಾಮಿನ ಜಾಡಿ ಖಾಲಿಯಾದ ದಿನ."

ಕಾಯಾನಿಯ ಚರ್ಚು ತುಂಬಿತ್ತು, ಬೆಚ್ಚಗಿತ್ತು. ಶಪಥದಂತೆ ಮೊದಲ ಸಾಲಿನಲ್ಲೇ ಕುಳಿತೆ. ನನ್ನ ಕೈಯ ವಾಸನೆಗೆ ಅಕ್ಕಪಕ್ಕದವರು ಸ್ವಲ್ಪ ಸರಿದು ಕುಳಿತಿದ್ದರಿಂದ ಜಾಗವೂ ಧಾರಾಳವಾಗಿತ್ತು. ಹಿಲ್ಕ ಮುಂದೆ ಬಂದು ನಿಂತಳು. ಆಹಾ, ಏನೆಂದು ಹೇಳಲಿ! ದನಿ ಮೆಲ್ಲಗೆ ಎದ್ದಿತು, ಹೊನ್ನಿನ ಬಣ್ಣದಲ್ಲಿ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಹರಿಯಿತು. ಮೊದಲ ಚರಣ, ಎರಡನೆಯ ಚರಣ. ಮೂರನೆಯ ಚರಣದಲ್ಲಿ ಛಾವಣಿಯೇ ತೆಳುವಾಗಿ ಹಸಿರು ಬೆಳಕು ಒಳಗಿಳಿಯಿತು. ಗ್ರಂಥಾಲಯದ ಬಸ್ಸು ಪಕ್ಕದಲ್ಲೇ ಸದ್ದಿಲ್ಲದೆ ಸಾಗಿತು. ಪುಸ್ತಕಗಳೆಲ್ಲ ಹಾಳೆ ತೆರೆದು ಕೇಳುತ್ತಿದ್ದವು. ಆಮೇಲೆ ಎಲ್ಲರೂ ಎದ್ದು ನಿಂತಿದ್ದರು. ನಾನೂ ಎದ್ದು ನಿಂತೆ.

ಹಿಂದಿರುಗುವಾಗ ಬಸ್ಸಿನಲ್ಲಿ ಹಿಲ್ಕ ನನ್ನ ಪಕ್ಕ ಕುಳಿತಳು. ಅವಳ ಕೆನ್ನೆ ಇನ್ನೂ ಕೆಂಪಗಿತ್ತು. "ಹೇಗಿತ್ತೋ?" ಎಂದಳು. ಇಪ್ಪತ್ತೆರಡು ವರ್ಷದಲ್ಲಿ ಅವಳು ಹೀಗೆ ಕೇಳಿದ್ದು ಅದೇ ಮೊದಲು.

"ಅದ್ಭುತ ಕಣೇ. ಅದರಲ್ಲೂ ಆ ಮೂರನೇ ಚರಣ!"

ಹಿಲ್ಕ ನನ್ನ ಕಡೆ ತಿರುಗಿದಳು. "ಆ ಹಾಡಿಗೆ ಇರೋದೇ ಎರಡು ಚರಣ."

ಹಿಂದಿನ ಸೀಟಿನಿಂದ ಸೈಮಿ ಬಗ್ಗಿದಳು. "ಎರಡನೇ ಚರಣದಲ್ಲಿ ಗೊರಕೆ ಹೊಡೀತಿದ್ದೆಯಲ್ಲ, ವಿಲ್ಯೊ. ತಾಳಕ್ಕೆ ಸರಿಯಾಗೇ ಇತ್ತು ಬಿಡು." ಇಡೀ ಬಸ್ಸು ನಕ್ಕಿತು.

"ಎಣ್ಣೆ ಬಂದಾಗ ಕಣ್ಣು ಮುಚ್ಕೊಂಡ್ರಂತೆ" ಎಂದಳು ಹಿಲ್ಕ. "ಹೋದ ವರ್ಷ ಕಾರು ಚಾಲೂ ಆಗ್ಲಿಲ್ಲ. ಈ ವರ್ಷ ಕಾರು ಚಾಲೂ ಆಯ್ತು, ನೀನು ಆಗ್ಲಿಲ್ಲ." ಆಮೇಲೆ ಅವಳು ಕಿಟಕಿಯ ಕಡೆ ತಿರುಗಿದಳು. ಅವಳು ನಗುತ್ತಿಲ್ಲವೆಂಬುದು ಗಾಜಿನಲ್ಲಿ ನನಗೆ ಕಾಣಿಸಿತು. ನನಗೆ ನೆಲ ಬಾಯ್ಬಿಡಬಾರದೇ ಎನಿಸಿತು.

ಮನೆ ಸೇರಿದ ಮೇಲೆ ನಾನು ಕೋಟು ತೆಗೆಯದೆ ಅಡುಗೆಮನೆಯಲ್ಲಿ ಕುಳಿತೆ. ಹೋದ ವರ್ಷ ಅವಳು ಕುಳಿತಿದ್ದ ಕುರ್ಚಿಯಲ್ಲೇ. ಹಿಲ್ಕ ಬಂದು ನೋಡಿದಳು.

"ಎದ್ದು ನಿಂತ್ಕೋ."

"ಯಾಕೆ?"

"ಕೂತ್ರೆ ಮಲಗ್ತೀಯ. ಫ್ರೀಜರಿನ ಹತ್ರ ನಡಿ. ಅಲ್ಲಾದ್ರೆ ನೀನು ಎಚ್ಚರವಾಗಿರ್ತೀಯ, ಮೂರು ತಿಂಗಳಿಂದ ನೋಡಿದ್ದೀನಿ."

ನೆಲಮಾಳಿಗೆಯಲ್ಲಿ ಫ್ರೀಜರಿನ ಬಾಗಿಲು ತೆರೆದಿಟ್ಟು, ಅದರ ಮುಂದೆ ಬರಿಯ ಕಾಲುಚೀಲದಲ್ಲಿ ನನ್ನನ್ನು ನಿಲ್ಲಿಸಿ, ಕಾಯಾನಿಯಲ್ಲಿ ಹಾಡಿದ ಹಾಡನ್ನು ಹಿಲ್ಕ ಮೊದಲಿನಿಂದ ಹಾಡಿದಳು. ನಡುವೆ ಒಮ್ಮೆ ನಿಲ್ಲಿಸಿ, "ಕಣ್ಣು ಮುಚ್ಬೇಡ!" ಎಂದು ಗದರಿದಳು. ಮುಚ್ಚಿರಲಿಲ್ಲ, ಎಣ್ಣೆಗೈಯಲ್ಲಿ ಒರೆಸಿಕೊಳ್ಳುತ್ತಿದ್ದೆ. ಮುಖವೆಲ್ಲ ಕಪ್ಪಾಯಿತು, ಕಾಲು ಮರಗಟ್ಟಿತು.

ಎರಡೇ ಚರಣ. ನಿಂತುಕೊಂಡೇ ಎಣಿಸಿದ್ದೇನೆ.