ನಿಂಗರಾಜನ ನಾಲಿಗೆಯ ವಿಷಯವಾಗಿ ಪ್ರಶ್ನೆಪತ್ರಿಕೆ ತೆಗೆದವರಿಗೆ

ನಮ್ಮ ಕಾಲೇಜಿನ ದ್ವಿತೀಯ ಪಿಯುಸಿ ಪೂರ್ವಸಿದ್ಧತಾ ಪರೀಕ್ಷೆಗೆ ಜೀವಶಾಸ್ತ್ರದ ಪ್ರಶ್ನೆಪತ್ರಿಕೆಯನ್ನು ಹೊರಗಿನಿಂದ ರಚಿಸಿ ಕಳುಹಿಸಿದ, ಹೆಸರು ಊರು ತಿಳಿಯದ ಮಹನೀಯರ ಸನ್ನಿಧಿಗೆ,

ಮಾನ್ಯರೇ,

ಹರಿಹರದಿಂದ ದಾವಣಗೆರೆಗೆ ದಿನವೂ ಬಸ್ಸಿನಲ್ಲಿ ನಿಂತುಕೊಂಡೇ ಓಡಾಡಿ ವಿದ್ಯೆ ಸಂಪಾದಿಸುತ್ತಿರುವ ರೇಖಾ ಎಂಬ ವಿದ್ಯಾರ್ಥಿನಿಯು ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಇತ್ತ ನಾವೂ ಕ್ಷೇಮ ಎಂದು ಬರೆಯುವುದು ವಾಡಿಕೆಯಾದರೂ, ತಪ್ಪು ಬರೆದರೆ ಅಂಕ ಕಳೆಯುವವರ ಮುಂದೆ ಅಂಥ ಧೈರ್ಯ ಬೇಡವೆಂದು ಆ ವಾಕ್ಯವನ್ನು ಬಿಟ್ಟಿದ್ದೇನೆ. ತಮ್ಮ ವಿಳಾಸ ಕೇಳಿದ್ದಕ್ಕೆ ಕಾಲೇಜಿನವರು ಅದು ಗೌಪ್ಯ ಎಂದರು. ಎಲ್ಲ ಊರಿನವರೂ ಓದುವಂತೆ ಬರೆದರೆ ಆ ಎಲ್ಲರಲ್ಲಿ ತಾವೂ ಒಬ್ಬರಾಗಿ ಇದ್ದೇ ಇರುತ್ತೀರಿ ಎಂಬ ಲೆಕ್ಕಾಚಾರದಿಂದ ಈ ಪತ್ರ ಬಹಿರಂಗವಾಗಿದೆ, ಮನ್ನಿಸಬೇಕು.

ಮೊದಲಿಗೆ ತಮ್ಮ ಪತ್ರಿಕೆಯ ಗುಣಗಾನ ಮಾಡದೆ ಮುಂದೆ ಹೋದರೆ ಕೃತಘ್ನಳಾಗುತ್ತೇನೆ. ಪುಸ್ತಕದಲ್ಲಿ ಇಲ್ಲದ್ದನ್ನು ಕೇಳಿದ್ದಾರೆಂದು ಕೆಲವರು ದೂರುತ್ತಿದ್ದಾರೆ, ನಾನು ಆ ಗುಂಪಿನವಳಲ್ಲ. ಪುಸ್ತಕದಲ್ಲಿ ಇದ್ದುದನ್ನೇ, ಅದು ಪುಸ್ತಕದಲ್ಲಿದೆಯೆಂದು ಓದಿದವರಿಗೂ ಗುರುತು ಹತ್ತದ ಹಾಗೆ ಕೇಳುವ ತಮ್ಮ ಕಲೆಗೆ ನಾನು ತಲೆಬಾಗಿದೆ. ಬಾಗಿದ ತಲೆ ಕೊನೆಯ ಗಂಟೆ ಹೊಡೆಯುವ ತನಕ ಮೇಲೇಳಲಿಲ್ಲ. ಹೂವಿನ ಅಂಡಾಶಯದ ಚಿತ್ರ ಬಿಡಿಸಿರಿ ಎಂದಿರಿ, ನಾನು ಬಿಡಿಸಿದ್ದು ಬದನೆಕಾಯಿಯಂತೆ ಬಂದಿತು. ಬದನೆಕಾಯಿಯೂ ಹೂವಿನ ಅಂಡಾಶಯದಿಂದಲೇ ಆಗುವುದರಿಂದ ಮೌಲ್ಯಮಾಪಕರು ಸ್ವಲ್ಪ ಮುಂದಾಲೋಚನೆಯಿಂದ ಅಂಕ ಕೊಟ್ಟಾರೆಂಬ ಭರವಸೆಯಲ್ಲಿದ್ದೇನೆ. ಇವೆಲ್ಲ ನನ್ನ ದೂರುಗಳಲ್ಲ. ನನ್ನ ದೂರು ತಮ್ಮ ಆ ಐದು ಅಂಕದ ಪ್ರಶ್ನೆಯ ಬಗ್ಗೆ.

ತಾವು ಮರೆತಿರಬಹುದು, ನಮಗೆ ಅದು ಬಾಯಿಪಾಠವಾಗಿದೆ. ನಾಲಿಗೆಯ ಎರಡೂ ಅಂಚುಗಳನ್ನು ಎತ್ತಿ ಕೊಳವೆಯಂತೆ ಸುರುಳಿ ಮಾಡುವ ಗುಣ ಪ್ರಬಲವಾದದ್ದು, ಅಂದರೆ ಹೆತ್ತವರಲ್ಲಿ ಒಬ್ಬರಿಗಾದರೂ ಬಂದರೆ ಮಾತ್ರ ಮಕ್ಕಳಿಗೆ ಬರುವಂಥದ್ದು. ಹಾಗಿರುವಾಗ ತಂದೆಗೂ ಬಾರದ, ತಾಯಿಗೂ ಬಾರದ ಸುರುಳಿ ಮಗನಿಗೆ ಬರಲು ಸಾಧ್ಯವೇ, ಕಾರಣ ಸಹಿತ ವಿವರಿಸಿರಿ, ಎಂದು ತಾವು ಕೇಳಿದ್ದಿರಿ. ನಿಂಗರಾಜ ‘ಸಾಧ್ಯವೇ ಇಲ್ಲ’ ಎಂದು ಬರೆದು, ಹೆತ್ತವರ ಗುಣ ಮಕ್ಕಳಿಗೆ ಇಳಿಯುವ ಲೆಕ್ಕದ ಚೌಕವನ್ನು ಕೆಳಗೆ ಹಾಕಿ ವಿವರಿಸಿ ಬಂದ. ಅವನು ನಮ್ಮ ಬೀದಿಯವನೇ, ಚಿಕ್ಕಂದಿನಿಂದ ನನ್ನ ಜೊತೆ ಓದಿದವನು, ತರಗತಿಗೆ ಬುದ್ಧಿವಂತ. ಆನಗೋಡಿನಿಂದ ಬರುವ ನನ್ನ ಗೆಳತಿ ಅಂಬಿಕಾ ಏನು ಬರೆದಳೆಂದು ಆಗ ಹೇಳಲೇ ಇಲ್ಲ.

ಪರೀಕ್ಷೆ ಮುಗಿದ ಮೇಲೆ ಪ್ರಶ್ನೆಪತ್ರಿಕೆ ಬಿಡಿಸಿಕೊಂಡು ಕೂರುವುದು ಒಳ್ಳೆಯದಲ್ಲವೆಂದು ಹಿರಿಯರು ಹೇಳುತ್ತಾರೆ. ನಾವು ಎಂ.ಸಿ.ಸಿ. ಬಡಾವಣೆಯ ಒಂದು ಮಂಡಕ್ಕಿ ಅಂಗಡಿಯ ಮುಂದೆ, ಮೆಣಸಿನಕಾಯಿ ಬಜ್ಜಿಯ ತಟ್ಟೆ ಹಿಡಿದು, ಅದನ್ನೇ ಮಾಡಿದೆವು. ತಮ್ಮ ಪ್ರಶ್ನೆಯ ಸರದಿ ಬಂದಾಗ ಎಲ್ಲರೂ ನಾಲಿಗೆ ಹೊರಹಾಕಿ ಪರೀಕ್ಷಿಸಿಕೊಂಡೆವು. ನನಗೆ ಅರ್ಧ ಬಂದು ನಿಂತಿತು. ಅಂಬಿಕಾಳದು ಚಪ್ಪಟೆಯಾಗಿಯೇ ಉಳಿಯಿತು. ನಿಂಗರಾಜನ ನಾಲಿಗೆ ಮಾತ್ರ ಬೀಡಿ ಎಲೆಯ ಹಾಗೆ ಸುತ್ತಿಕೊಂಡಿತು. ಅಂಗಡಿಯವರೂ ಬಜ್ಜಿ ಕರಿಯುವುದನ್ನು ನಿಲ್ಲಿಸಿ ಪ್ರಯತ್ನಿಸಿ ನೋಡಿದರು. ಬಜ್ಜಿ ಕೊಳ್ಳಲು ಬಂದವರೊಬ್ಬರು ನಮ್ಮ ಸಾಲು ನೋಡಿ, ಖಾರ ಜಾಸ್ತಿ ಇರಬೇಕೆಂದು ತಿಳಿದು ಹಿಂದಕ್ಕೆ ಹೋದರು. ಇಷ್ಟು ಸಂತೋಷವನ್ನು ಕೊಟ್ಟಿದ್ದಕ್ಕೆ ತಮಗೆ ನಾವು ಋಣಿಗಳು. ಅಲ್ಲಿಗೇ ಎಲ್ಲ ಮುಗಿಯಬೇಕಿತ್ತು. ಆಗ ಅಂಬಿಕಾ ಸುಮ್ಮನೆ ಕೇಳಿದಳು, “ನಿಮ್ಮಪ್ಪಾರಿಗೆ ಬರ್ತೈತೇನು?”

ನಿಂಗರಾಜನ ನಾಲಿಗೆ ನಿಧಾನವಾಗಿ ಒಳಗೆ ಹೋಯಿತು. ಬಸ್ಸಿನಲ್ಲಿ ಹರಿಹರ ತಲುಪುವ ತನಕ ಅವನು ಆ ಪ್ರಶ್ನೆಯನ್ನೇ ಮತ್ತೆ ಮತ್ತೆ ಓದಿಕೊಂಡ.

ಅವನ ತಂದೆ ಕೆಂಚವೀರಪ್ಪನವರು ಮೊದಲು ಹೊಲ ಮಾಡಿಕೊಂಡಿದ್ದವರು. ಈಗ ಹರಿಹರದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಮಷೀನಿನ ಕೆಲಸ. ತಾಯಿ ಅಂಜಿನವ್ವ, ನಾನು ಅತ್ತೆ ಎಂದು ಕರೆಯುವವರು. ಮಗ ಬಂದವನೇ ಇಬ್ಬರನ್ನೂ ಕೂರಿಸಿ ನಾಲಿಗೆ ಹೊರಹಾಕಿ ಸುರುಳಿ ಮಾಡಿರೆಂದು ಕೇಳಿದ. ಊರಿನಲ್ಲಿ ಕಾಮಾಲೆ ಬಂದಿರಬೇಕೆಂದು ಅಂಜಿನವ್ವ ಹೆದರಿ, ಕಣ್ಣನ್ನೂ ಅಗಲಿಸಿ ತೋರಿಸಿದರಂತೆ. ಇಬ್ಬರ ನಾಲಿಗೆಯೂ ರೊಟ್ಟಿಯಂತೆ ಮಲಗಿಕೊಂಡಿತ್ತು. ನಿಂಗರಾಜ ಆ ಎರಡು ನಾಲಿಗೆಗಳನ್ನೂ ತನ್ನ ಚೌಕದ ಉತ್ತರವನ್ನೂ ಹೊಂದಿಸಿ ನೋಡಿದ. ತಾವು ಐದು ಅಂಕ ಕೊಡುವ ಉತ್ತರವೇ ಬಂತು.

ಮಾನ್ಯರೇ, ಆ ದಿನದಿಂದ ಅವನು ಮನೆಯಲ್ಲಿ ನೆಂಟನಾದ. ಅಪ್ಪನನ್ನು ‘ನೀನು’ ಎನ್ನುತ್ತಿದ್ದವನು ‘ನೀವು’ ಎನ್ನತೊಡಗಿದ. ಉಂಡ ತಟ್ಟೆಯನ್ನು ತಾನೇ ತೊಳೆದಿಟ್ಟ, ಹಾಸಿಗೆಯನ್ನು ಮಡಚಿಟ್ಟ, ಸಾರು ಬಡಿಸಿದರೆ ಸಾಕು ಸಾಕು ಎಂದು ಕೈ ಅಡ್ಡ ಹಿಡಿದ. ಇಂಥ ಮಗ ಬೇಕೆಂದು ಹರಕೆ ಹೊತ್ತವರು ಊರಲ್ಲಿ ಎಷ್ಟೋ ಜನ. ಅಂಜಿನವ್ವನಿಗೆ ಮಾತ್ರ ಎದೆ ಒಡೆದಂತಾಯಿತು. ದೃಷ್ಟಿ ತೆಗೆದರು, ಮೆಣಸಿನಕಾಯಿ ಸುಟ್ಟರು. ಪ್ರಯೋಜನವಾಗದೆ ಕೊನೆಗೆ ನನ್ನನ್ನು ಕರೆದು, ಯಾವುದಾದರೂ ಹುಡುಗಿಯ ವಿಷಯವೇ ಎಂದು ಮೆಲ್ಲಗೆ ಕೇಳಿದರು. ಹುಡುಗಿಯದಲ್ಲ, ಜೀವಶಾಸ್ತ್ರದ್ದು ಎಂದು ನಾನು ಇದ್ದ ವಿಷಯವನ್ನು ಹೇಳಿಬಿಟ್ಟೆ. ಆಸ್ಪತ್ರೆಯಲ್ಲಿ ಮಗು ಅದಲುಬದಲಾಗಿರಬೇಕೆಂದು ನಿಂಗರಾಜ ತಿಳಿದಿದ್ದಾನೆ ಎಂದೆ. ಆ ಉತ್ತರಕ್ಕೆ ಇನ್ನೊಂದು ಅರ್ಥವೂ ಇದೆಯೆಂಬುದು ಹೇಳುತ್ತಿರುವಾಗಲೇ ನನಗೆ ಹೊಳೆದು ಮಾತು ನಿಂತಿತು. ಅತ್ತೆಗೆ ಅದು ನನಗಿಂತ ಮೊದಲೇ ಹೊಳೆದಿತ್ತು.

ಅವರು ಬೈಯಲಿಲ್ಲ. ಒಲೆಯ ಮೇಲಿನ ಹಾಲು ಇಳಿಸಿ, ಸೆರಗಿನಿಂದ ಕೈ ಒರೆಸಿಕೊಂಡು ಹೇಳಿದರು, “ನೋವು ತಿಂದೋಳು ನಾನು. ನನ್ನ ಕೇಳೋದು ಬಿಟ್ಟು ನಾಲಿಗೆ ಕೇಳ್ತಾನಲ್ಲ.” ಅಷ್ಟೇ. ಅಂದಿನಿಂದ ಮಗನ ಜೊತೆ ಅವರ ಮಾತು ನಿಂತಿತು. ಮಗ ಬಂದರೆ ಬಡಿಸುವರು, ಹೋದರೆ ಬಾಗಿಲು ಹಾಕುವರು. ಅವನಿಗೂ ಏನೋ ಆಗಬಾರದ್ದು ಆಗಿದೆಯೆಂದು ತಿಳಿಯಿತು, ಹೇಗೆ ಸರಿಮಾಡಬೇಕೆಂದು ತಿಳಿಯಲಿಲ್ಲ. ಅಂಥ ಪ್ರಶ್ನೆ ತಮ್ಮ ಪತ್ರಿಕೆಯಲ್ಲಿ ಇರಲಿಲ್ಲ.

ನಾನು ವಿಷಯ ಹೇಳಿದ ಸಂಜೆಯೇ ಕೆಂಚವೀರಪ್ಪನವರು ಕೆಲಸದಿಂದ ಬಂದು ಎಲ್ಲ ಕೇಳಿ ಗೋಡೆಗೆ ಒರಗಿ ಕೂತರು. ಆಮೇಲೆ ನನ್ನ ಕಡೆ ತಿರುಗಿ, “ಆ ಪೇಪರ್ ತೆಗೆದೋರು ಇವನು ಹುಟ್ಟಿದಾಗ ಅಲ್ಲಿದ್ರೇನವ್ವ?” ಎಂದರು. ಇರಲಿಲ್ಲ ಎಂದು ತಮ್ಮ ಪರವಾಗಿ ನಾನೇ ಉತ್ತರ ಕೊಟ್ಟಿದ್ದೇನೆ, ತಪ್ಪಿದ್ದರೆ ತಿದ್ದಬೇಕು. ಅವರು ಮಗನಿಗೂ ಒಂದು ಮಾತು ಅನ್ನಲಿಲ್ಲ, ಹೆಂಡತಿಯನ್ನೂ ಸಮಾಧಾನ ಮಾಡಲು ಹೋಗಲಿಲ್ಲ. ಮಾರನೆಯ ದಿನದಿಂದ ನಾಲಿಗೆಯ ಅಭ್ಯಾಸಕ್ಕೆ ಇಳಿದರು.

ಕಾರ್ಖಾನೆಯಲ್ಲಿ ಅವರ ಪಕ್ಕದ ಮಷೀನಿನ ಬಡೇಸಾಬ್ ಎಂಬುವರಿಗೆ ನಾಲಿಗೆ ಸುರುಳಿ ಚೆನ್ನಾಗಿ ಬರುತ್ತದಂತೆ. ಅವರೇ ಗುರುಗಳಾದರು. ಚಹಾದ ವಿರಾಮದಲ್ಲಿ ಪಾಠ ನಡೆಯಿತು. ಒಬ್ಬರನ್ನು ನೋಡಿ ಒಬ್ಬರು ಸೇರಿಕೊಂಡು, ಕೊನೆಗೆ ಇಡೀ ವಿಭಾಗವೇ ಚಹಾದ ಲೋಟ ಕೆಳಗಿಟ್ಟು ನಾಲಿಗೆ ಹೊರಹಾಕಿ ನಿಂತಿತಂತೆ. ಸೂಪರ್‌ವೈಸರ್ ಗಾಬರಿಯಿಂದ ಬಂದು ಎಣ್ಣೆಯ ಹೊಗೆ ಏನಾದರೂ ಬಾಯಿಗೆ ಹೋಯಿತೇ ಎಂದು ವಿಚಾರಿಸಿದರು. ಮನೆಯಲ್ಲಿ ಕ್ಷೌರದ ಕನ್ನಡಿಯ ಮುಂದೆ, ಸೇತುವೆಯ ಮೇಲೆ ಗಾಡಿ ನಿಲ್ಲಿಸಿಕೊಂಡು, ದೇವಸ್ಥಾನದ ಸಾಲಿನಲ್ಲಿ ಸಹ ಕೆಂಚವೀರಪ್ಪನವರು ಅಭ್ಯಾಸ ಬಿಡಲಿಲ್ಲ. ತಮ್ಮ ಪತ್ರಿಕೆಗೆ ಇಷ್ಟು ಶ್ರದ್ಧೆಯಿಂದ ತಯಾರಿ ನಡೆಸಿದ ಇನ್ನೊಬ್ಬರನ್ನು ನಾನು ಕಂಡಿಲ್ಲ. ನಾವು ವಿದ್ಯಾರ್ಥಿಗಳು ಅವರ ಮುಂದೆ ನಾಚಬೇಕು. ನಾಲಿಗೆ ಮಾತ್ರ ಒಂದು ಅಂಚು ಎದ್ದರೆ ಇನ್ನೊಂದು ಮಲಗುತ್ತಿತ್ತು.

ಭಾನುವಾರ ಅವರು ಹೆಂಡತಿ ಮಗನನ್ನು ಕರೆದುಕೊಂಡು ದಾವಣಗೆರೆಯಲ್ಲಿರುವ ನಮ್ಮ ಜೀವಶಾಸ್ತ್ರದ ಬಕ್ಕೇಶಪ್ಪ ಸರ್ ಮನೆಗೆ ಹೊರಟರು. ದಾರಿ ತೋರಿಸಲು ನಾನೂ ಹೋದೆ. ಅಂಜಿನವ್ವ ಮದುವೆ ಮನೆಗೆ ಉಡುವ ಸೀರೆ ಉಟ್ಟಿದ್ದರು, ಮುಖ ಮಾತ್ರ ಪೊಲೀಸ್ ಠಾಣೆಗೆ ಹೊರಟವರ ಹಾಗಿತ್ತು. ಸರ್ ಎಲ್ಲರನ್ನೂ ಕೂರಿಸಿ, ನೀರು ಕೊಟ್ಟು, ಪೂರ್ತಿ ಕೇಳಿದರು. ಕೇಳುತ್ತ ಕೇಳುತ್ತ ಅವರೇ ಹಣೆ ಒತ್ತಿಕೊಂಡರು. ನಾಲಿಗೆಯ ಈ ಕಥೆ ಹಳೆಯ ಗೈಡುಗಳಿಂದ ಗೈಡುಗಳಿಗೆ ಇಳಿದು ಬಂದದ್ದು, ಅದು ಅಷ್ಟು ಸರಳವಲ್ಲವೆಂದು ತಿಳಿದು ಎಷ್ಟೋ ಕಾಲವಾಯಿತು ಎಂದರು. ಒಂದೇ ಅಚ್ಚಿನ ಅವಳಿಗಳಲ್ಲಿ ಸಹ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದಿರುವುದುಂಟಂತೆ, ಕೆಲವರು ಅಭ್ಯಾಸದಿಂದ ಕಲಿಯುವುದೂ ಉಂಟಂತೆ. ನಾಲಿಗೆ ನೋಡಿ ಯಾರು ಯಾರ ಮಗನೆಂದು ಹೇಳಲು ಯಾವ ವಿಜ್ಞಾನಿಗೂ ಆಗುವುದಿಲ್ಲ ಎಂದು, ಅಂಜಿನವ್ವನ ಕಡೆಗೇ ತಿರುಗಿ, ಎರಡು ಸಲ ಹೇಳಿದರು.

ನಿಂಗರಾಜ ನೆಲ ನೋಡುತ್ತಿದ್ದ. ಕೆಂಚವೀರಪ್ಪನವರು ಕೇಳಿದರು, “ಹಂಗಾದ್ರೆ ಸರ್, ನಾನು ಕಲಿಯೋದು ಬ್ಯಾಡೇನ್ರಿ? ಒಂದು ಕಡೆ ಬಂದೈತಿ.” ಬಂದದ್ದನ್ನು ತೋರಿಸಲು ನಾಲಿಗೆಯನ್ನೂ ಹೊರಹಾಕಿದರು.

ನಿಂಗರಾಜನಿಗೆ ಅಳುವೂ ನಗುವೂ ಒಟ್ಟಿಗೆ ಬಂದವು. “ಬ್ಯಾಡಪ್ಪ, ನೀ ಸುಮ್ನಿರು,” ಎಂದ. ಆಮೇಲೆ ತಾಯಿಯ ಕಡೆ ತಿರುಗಿ, ತಪ್ಪಾಯಿತೆಂದು ಹೇಳಲು ಬಾಯಿ ತೆರೆದ. ಅಂಜಿನವ್ವ ಅಷ್ಟು ದಿನದ ಮೇಲೆ ಅವನ ಮುಖ ನೋಡಿ, ಮೊದಲ ಮಾತಾಗಿ, “ಮಂದಿ ಮನೆಗೆ ಬರೋವಾಗ ತಲೆ ಬಾಚ್ಕಬೇಕು ಅಂತ ತಿಳಿಯಲ್ಲೇನು?” ಎಂದು ಬೈದರು. ಬೈಯುತ್ತಲೇ ಅವನ ಕೂದಲನ್ನು ಅಂಗೈಯಿಂದ ಒತ್ತಿ ಕೂರಿಸಿದರು. ಮರಳುವಾಗ ಬಸ್ಸಿನಲ್ಲಿ ಅವರ ಬೈಗುಳ ಹರಿಹರ ಬರುವ ತನಕ ನಿಲ್ಲಲಿಲ್ಲ, ಅವನು ಪ್ರತಿಯೊಂದಕ್ಕೂ ತಲೆಯಾಡಿಸಿದ.

ಇಷ್ಟಕ್ಕೇ ತಮಗೆ ತೊಂದರೆ ಕೊಡುತ್ತಿರಲಿಲ್ಲ. ಆದರೆ ಉತ್ತರಪತ್ರಿಕೆಗಳು ಬಂದವು. ಅವನ್ನು ತಿದ್ದಿದವರೂ ಹೊರಗಿನವರೇ, ತಾವು ಕಳುಹಿಸಿದ ಮಾದರಿ ಉತ್ತರವನ್ನು ಮುಂದಿಟ್ಟುಕೊಂಡು ತಿದ್ದಿದ್ದರು. ‘ಸಾಧ್ಯವೇ ಇಲ್ಲ’ ಎಂದಿದ್ದ ನಿಂಗರಾಜನಿಗೆ ಐದಕ್ಕೆ ಐದು. ಅಂಬಿಕಾ ಬರೆದದ್ದು ಆಗ ಹೊರಬಿತ್ತು: ‘ಸಾಧ್ಯವಿದೆ. ನಮ್ಮ ಮನೆಯಲ್ಲೇ, ಅಪ್ಪ ಅವ್ವ ಇಬ್ಬರಿಗೂ ಬಾರದ ಸುರುಳಿ ಬರುವ ಅಜ್ಜಪ್ಪ ಎಂಬ ತಮ್ಮನಿದ್ದಾನೆ. ಮನುಷ್ಯರು ಪುಸ್ತಕದ ಬಟಾಣಿ ಗಿಡಗಳಲ್ಲ.’ ಅದರ ಪಕ್ಕದಲ್ಲಿ ಕೆಂಪು ಶಾಯಿಯ ಸೊನ್ನೆ, ಸೊನ್ನೆಯ ಕೆಳಗೆ ‘ಅಪ್ರಸ್ತುತ’ ಎಂಬ ಷರಾ. ಹೊರಗಿನವರು ಕೊಟ್ಟದ್ದಕ್ಕೆ ಒಂದು ಅಂಕವನ್ನೂ ಹೆಚ್ಚಿಸುವಂತಿಲ್ಲವೆಂದು ಬಕ್ಕೇಶಪ್ಪ ಸರ್ ಬೇಸರಪಟ್ಟರು. ನಿಂಗರಾಜ ಅವರಿಂದ ಪೆನ್ನು ಈಸಿಕೊಂಡು ತನ್ನ ಐದನ್ನು ತಾನೇ ಹೊಡೆದುಹಾಕಿ ಸೊನ್ನೆ ಬರೆದುಕೊಂಡ. ಅದರಿಂದ ಅವನು ತರಗತಿಗೆ ಮೊದಲಿಗನಾಗುವುದು ತಪ್ಪಿತು. ಪತ್ರಿಕೆಯನ್ನು ಮನೆಗೆ ಒಯ್ದು ಸಹಿ ಮಾಡಿಸಿಕೊಂಡು ಬರಬೇಕಿತ್ತು. ಕೆಂಚವೀರಪ್ಪನವರು ಅಂಕ ಎಷ್ಟೆಂದು ನೋಡಲೂ ಇಲ್ಲ. ‘ತಂದೆಯ ಸಹಿ’ ಎಂದಿದ್ದ ಜಾಗವನ್ನು ಬೆರಳಿಟ್ಟು ಹುಡುಕಿ, ತಮ್ಮ ಪೂರ್ತಿ ಹೆಸರನ್ನು ಗೆರೆ ದಾಟಿ, ಅಂಚು ಮುಟ್ಟುವ ತನಕ ಬರೆದರು.

ಆದ್ದರಿಂದ ತಮ್ಮಲ್ಲಿ ವಿನಂತಿ ಏನೆಂದರೆ, ಅಂಬಿಕಾಳ ಐದು ಅಂಕಗಳನ್ನು ಬಡ್ಡಿಯಿಲ್ಲದೆ ಹಿಂದಿರುಗಿಸಬೇಕು, ಮತ್ತು ಬಿಡುವು ಮಾಡಿಕೊಂಡು ಒಮ್ಮೆ ಹರಿಹರಕ್ಕೆ ಬಂದು ಅಂಜಿನವ್ವನ ಎದುರಿಗೆ ಕೂತು, ಅದೇ ಪ್ರಶ್ನೆಯನ್ನು ಅವರಿಗೆ ಬಾಯಿಯಲ್ಲಿ ಕೇಳಬೇಕು. ಉತ್ತರ ಐದು ಅಂಕಕ್ಕೆ ಮೀರಿ ಹೋದೀತು, ಹೆಚ್ಚುವರಿ ಹಾಳೆ ತಂದಿರಬೇಕು. ಊಟದ ವ್ಯವಸ್ಥೆ ಇದೆ. ಅವರ ಕೋಪ ಎಷ್ಟಿದ್ದರೂ ಬಂದವರನ್ನು ಉಣ್ಣಿಸದೆ ಕಳಿಸುವವರಲ್ಲ.

ತಮ್ಮ ಜ್ಞಾನದ ಮೇಲಲ್ಲದಿದ್ದರೂ ತಮ್ಮ ಒಳ್ಳೆಯತನದ ಮೇಲೆ ಇನ್ನೂ ನಂಬಿಕೆ ಇಟ್ಟಿರುವ,
ತಮ್ಮ ವಿಶ್ವಾಸಿ,
ರೇಖಾ
ಹರಿಹರ

ತಾ.ಕ.: ಮುಂದಿನ ವರ್ಷ ರಕ್ತದ ಗುಂಪಿನ ಮೇಲೆ ಪ್ರಶ್ನೆ ಕೇಳುವ ಇರಾದೆ ತಮಗೆ ಇದೆಯೆಂದು ಯಾರೋ ಹೇಳಿದರು. ದಯವಿಟ್ಟು ಮೊದಲು ತಮ್ಮ ಮನೆಯಲ್ಲೇ ಒಮ್ಮೆ ಎಲ್ಲರ ರಕ್ತ ಪರೀಕ್ಷೆ ಮಾಡಿಸಿ ನೋಡಿ. ಆಮೇಲೂ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದರೆ ಧಾರಾಳವಾಗಿ ಕೇಳಿ, ನಾವು ಬರೆಯುತ್ತೇವೆ.